ಕ್ರೋಮ್‌ಬುಕ್‌ನಲ್ಲಿ ಕನ್ನಡದ ಆರ್‌ಪಿಜಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೆ, ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಓದಿಗೆಂದು ಮನೆಯವರು ಕೊಡಿಸಿದ ಕ್ರೋಮ್‌ಬುಕ್ ಒಂದೇ ನನ್ನ ಬಳಿ ಇರುವುದು. ಅದರಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇದೆ. ಮಳೆಗಾಲದಲ್ಲಿ ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತ ಕಾಡಿಗೆ ಹೋಗುವ ಹುಡುಗಿಯ ಕಥೆಯನ್ನು ರೋಲ್‌ಪ್ಲೇಯಿಂಗ್ ಗೇಮ್ (ಆರ್‌ಪಿಜಿ, ಕಥೆಯ ಪಾತ್ರವಾಗಿ ಆಡುವ ಆಟ) ಆಗಿ ಮಾಡಬೇಕೆಂಬ ಆಸೆ. ಆದರೆ ಎಲ್ಲರೂ ಹೇಳುವ ಆರ್‌ಪಿಜಿ ಮೇಕರ್ ಎಂಬ ತಂತ್ರಾಂಶ ಇದರಲ್ಲಿ ತೆರೆಯುವುದೇ ಇಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವವರೆಗೆ ಕಾಯಬೇಕೇ?
– ಓದುಗರು, ಶಿರಸಿ

ಉತ್ತರ: ಕಾಯಬೇಡಿ. ನಿಮ್ಮ ಕಥೆಗೆ ನಿಮ್ಮ ಕೈಯಲ್ಲಿರುವ ಯಂತ್ರವೇ ಸಾಕು ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಆರ್‌ಪಿಜಿ ಮೇಕರ್ ತೆರೆಯದಿರುವುದು ನಿಮ್ಮ ತಪ್ಪಲ್ಲ. 2020ರಲ್ಲಿ ಬಂದ ಅದರ ಎಂಜಡ್ ಆವೃತ್ತಿಯನ್ನು ವಿಂಡೋಸ್ ಮತ್ತು ಮ್ಯಾಕ್‌ಗಳಿಗಾಗಿ ರೂಪಿಸಲಾಗಿದೆ. ಕ್ರೋಮ್‌ಬುಕ್‌ ನಡೆಸುವ ಕ್ರೋಮ್‌ಓಎಸ್ ಈ ಎರಡೂ ಅಲ್ಲ. ಆದರೆ 2018ರಿಂದ ಕ್ರೋಮ್‌ಬುಕ್‌ಗಳಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯನ್ನೂ ನಡೆಸುವ ಸೌಲಭ್ಯ ಬಂದಿದೆ. ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ಲಿನಕ್ಸ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಅದನ್ನು ಚಾಲೂ ಮಾಡುವ ಆಯ್ಕೆ ಸಿಗುತ್ತದೆ. ಅದಕ್ಕೆ 10 ಜಿಬಿ ಜಾಗ ಕೊಟ್ಟರೆ ನಿಮ್ಮ ಕೆಲಸಕ್ಕೆ ಧಾರಾಳವಾಯಿತು. ಚಾಲೂ ಆದ ಮೇಲೆ ಟರ್ಮಿನಲ್ (ಆದೇಶ ಬರೆಯುವ ಕಿಟಕಿ) ತೆರೆದು 'ಯುನೇಮ್' ಆದೇಶವನ್ನು 'ಮೈನಸ್ ಎಂ' ಜೊತೆ (uname -m) ಕೊಡಿ. ಉತ್ತರದಲ್ಲಿ ಎಕ್ಸ್86 ಎಂದಿದ್ದರೆ ನಿಮ್ಮದು ಇಂಟೆಲ್ ಬಗೆಯ ಚಿಪ್, ಆರ್ಚ್64 ಎಂದಿದ್ದರೆ ಆರ್ಮ್ ಬಗೆಯದು. ಈ ಒಂದು ಸಾಲನ್ನು ನೋಡದೆ ತಪ್ಪು ಫೈಲು ಇಳಿಸಿಕೊಂಡು, ಲ್ಯಾಪ್‌ಟಾಪೇ ಅಶಕ್ತವೆಂದು ಕೈಬಿಟ್ಟವರನ್ನು ನಾನು ಕಂಡಿದ್ದೇನೆ.

ಆಮೇಲೆ ಆಟ ಕಟ್ಟುವ ತಂತ್ರಾಂಶವಾದ ಗೊಡೋ ಎಂಜಿನ್‌ನಲ್ಲಿ ನಿಮ್ಮ ಚಿಪ್‌ಗೆ ಹೊಂದುವುದನ್ನು ಇಳಿಸಿಕೊಳ್ಳಿ. ಅರ್ಜೆಂಟೀನಾದ ಇಬ್ಬರು ತಂತ್ರಜ್ಞರು ಕಟ್ಟಿ 2014ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ ಈ ಎಂಜಿನ್‌ಗೆ ಹಣ ಕೊಡಬೇಕಾಗಿಲ್ಲ, ಸ್ಥಾಪನೆಯ ರಗಳೆಯೂ ಇಲ್ಲ. ಜಿಪ್ ಬಿಚ್ಚಿ ಒಳಗಿರುವ ಒಂದೇ ಫೈಲನ್ನು ಓಡಿಸಿದರಾಯಿತು. ಹೊಸ ಪ್ರಾಜೆಕ್ಟ್ ಆರಂಭಿಸುವಾಗ ಮೂರು ಬಗೆಯ ರೆಂಡರರ್ (ತೆರೆಯ ಮೇಲೆ ಚಿತ್ರ ಮೂಡಿಸುವ ಭಾಗ) ತೋರಿಸುತ್ತದೆ. ಅವುಗಳಲ್ಲಿ 'ಕಂಪ್ಯಾಟಿಬಿಲಿಟಿ' ಎಂಬುದನ್ನೇ ಆರಿಸಿ, ಏಕೆಂದರೆ ಕ್ರೋಮ್‌ಬುಕ್‌ನ ಲಿನಕ್ಸ್ ಒಳಗೆ ಗ್ರಾಫಿಕ್ಸ್ ಚಿಪ್‌ನ ಪೂರ್ಣ ಶಕ್ತಿ ದೊರೆಯುವುದಿಲ್ಲ ಮತ್ತು ಉಳಿದೆರಡು ಬಗೆಗಳು ಆ ಶಕ್ತಿಯನ್ನೇ ನಂಬಿಕೊಂಡಿವೆ. 4 ಜಿಬಿ ರ‍್ಯಾಮನ್ನು ಕ್ರೋಮ್ ಮತ್ತು ಲಿನಕ್ಸ್ ಹಂಚಿಕೊಳ್ಳುವುದರಿಂದ, ಗೊಡೋ ತೆರೆದಿರುವಾಗ ಬ್ರೌಸರಿನಲ್ಲಿ ಒಂದೆರಡಕ್ಕಿಂತ ಹೆಚ್ಚು ಟ್ಯಾಬ್ ಇಟ್ಟುಕೊಳ್ಳಬೇಡಿ. ಗೊಡೋದ ಎಡಿಟರ್ ಬ್ರೌಸರಿನಲ್ಲಿಯೂ ತೆರೆಯುತ್ತದೆ. ಪರಿಚಯಕ್ಕೆ ಅದು ಒಳ್ಳೆಯದು, ತಿಂಗಳುಗಟ್ಟಲೆ ಮಾಡುವ ಕೆಲಸಕ್ಕೆ ಅಲ್ಲ.

ಕಥೆಯ ಅಳತೆಯ ಬಗ್ಗೆ ಒಂದು ಮಾತು. 1986ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಡ್ರ್ಯಾಗನ್ ಕ್ವೆಸ್ಟ್, ಮನೆಮನೆಯ ಟಿವಿಗೆ ಆರ್‌ಪಿಜಿಯನ್ನು ತಂದ ಆಟ, ಇಡೀ 64 ಕೆಬಿಯಲ್ಲಿ ಅಡಗಿತ್ತು. ನಿಮ್ಮ ಮೊಬೈಲಿನ ಒಂದು ಫೋಟೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆ ಆಟದಲ್ಲಿ ನಾಯಕ ಒಬ್ಬನೇ, ಎದುರಾಗುವ ವೈರಿಯೂ ಒಂದು ಸಲಕ್ಕೆ ಒಂದೇ. ನಿಮ್ಮ ಹುಡುಗಿಗೂ ಜೊತೆಗಾರರ ದಂಡು ಬೇಡ. ಮನೆಯ ಅಂಗಳ, ಅಡಿಕೆ ತೋಟ, ಬೆಟ್ಟ, ಹಳ್ಳ, ಈ ನಾಲ್ಕು ನಕ್ಷೆಗಳಲ್ಲಿ ಕಥೆ ಮುಗಿಯಲಿ. ನೆಲ, ಗಿಡ, ನೀರುಗಳಿಗೆ 16×16 ಚುಕ್ಕಿಯ (ಪಿಕ್ಸೆಲ್) ಚೌಕಗಳು ಸಾಕು. ಅವನ್ನು ಪಿಸ್ಕೆಲ್ ಎಂಬ ಉಚಿತ ತಾಣದಲ್ಲಿ ಬ್ರೌಸರಿನೊಳಗೇ ಬಿಡಿಸಬಹುದು. ಸಿದ್ಧ ಚಿತ್ರಗಳು ಬೇಕಿದ್ದರೆ ಕೆನ್ನಿ ಎಂಬ ಸಂಗ್ರಹದಲ್ಲಿ ಹಕ್ಕುಸ್ವಾಮ್ಯದ ತೊಡಕಿಲ್ಲದವು ಸಿಗುತ್ತವೆ. ಆದರೆ ಅಲ್ಲಿ ನಮ್ಮೂರಿನ ಮರಗಿಡ ಸಿಗುವುದು ಕಷ್ಟ. ಅಡಿಕೆ ಮರವನ್ನೂ ಬೇಲಿಯ ದಣಪೆಯನ್ನೂ ನೀವೇ ಬಿಡಿಸಿ ಎಂದು ಕೇಳಿಕೊಳ್ಳುತ್ತೇನೆ. ನೋಡಿದವರಿಗೆ ಊರು ಗುರುತು ಸಿಗುವುದು ಅವುಗಳಿಂದಲೇ.

ಕೆಲಸದ ಪ್ರತಿಯನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಹಾಕಿಡಿ. ಲಿನಕ್ಸ್ ಫೈಲುಗಳು ತಾವಾಗಿಯೇ ಡ್ರೈವ್‌ಗೆ ಹೋಗುವುದಿಲ್ಲ, ಮತ್ತು ಕ್ರೋಮ್‌ಬುಕ್ಕನ್ನು ಪವರ್‌ವಾಶ್ ಮಾಡಿದರೆ (ಹೊಸದರಂತೆ ಮರುಹೊಂದಿಸಿದರೆ) ಅವೂ ಅಳಿಸಿಹೋಗುತ್ತವೆ.

ಪ್ರಶ್ನೆ: ನಾನು ಪ್ರೌಢಶಾಲೆಯ ಕನ್ನಡ ಶಿಕ್ಷಕ. ಬಿಡುವಿನಲ್ಲಿ ಮಕ್ಕಳೊಂದಿಗೆ ಒಂದು ಪುಟ್ಟ ಆರ್‌ಪಿಜಿ ಮಾಡುತ್ತಿದ್ದೇನೆ. ಪಾತ್ರಗಳ ಮಾತಿನ ಪೆಟ್ಟಿಗೆಯಲ್ಲಿ 'ಸೂರ್ಯ' ಎಂಬುದು 'ಸೂರ್‌ಯ' ಎಂದು ಒಡೆದು ಬರುತ್ತದೆ. ಬೇರೊಂದು ತಂತ್ರಾಂಶದಲ್ಲಿ ಅಕ್ಷರ ಸರಿಯಿದ್ದರೂ ಒತ್ತುಗಳ ಕೆಳಭಾಗ ತುಂಡಾಗಿ ಕಾಣುತ್ತದೆ. ಮಕ್ಕಳು ಇಂಗ್ಲಿಷಿನಲ್ಲೇ ಬರೆಯೋಣ ಎನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ.
– ಶಿಕ್ಷಕರು, ಧಾರವಾಡ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ದಯವಿಟ್ಟು ಇಂಗ್ಲಿಷಿಗೆ ಹೋಗಬೇಡಿ, ಇದಕ್ಕೆ ಪರಿಹಾರವಿದೆ.

ಕಂಪ್ಯೂಟರ್ 'ಸೂರ್ಯ' ಪದವನ್ನು ಸ, ಊಕಾರದ ಚಿಹ್ನೆ, ರ, ಹಲಂತದ ಚಿಹ್ನೆ, ಯ ಎಂಬ ಐದು ಸಂಕೇತಗಳಾಗಿ, ನಾವು ಉಚ್ಚರಿಸುವ ಕ್ರಮದಲ್ಲಿಯೇ ಇಟ್ಟುಕೊಂಡಿರುತ್ತದೆ. ತೆರೆಯ ಮೇಲೆ ಮಾತ್ರ ಯಕಾರ ಮೊದಲು ಬಂದು, ಅರ್ಕಾವತ್ತು ಅದರ ಬಲಕ್ಕೆ ಕೂರಬೇಕು. ಈ ಸ್ಥಳಾಂತರವನ್ನೂ ಒತ್ತಕ್ಷರಗಳ ರಚನೆಯನ್ನೂ ಮಾಡುವುದಕ್ಕೆ ಪ್ರತ್ಯೇಕ ತಂತ್ರಾಂಶ ಬೇಕು. ಹಾರ್ಫ್‌ಬಜ್ ಎಂಬುದು ಅಂಥದ್ದರಲ್ಲಿ ಪ್ರಸಿದ್ಧ. ಕ್ರೋಮ್ ಬ್ರೌಸರ್ ಅದನ್ನು ಬಳಸುವುದರಿಂದಲೇ ಜಾಲತಾಣಗಳಲ್ಲಿ ಕನ್ನಡ ನೆಟ್ಟಗೆ ಕಾಣುತ್ತದೆ. ಗೊಡೋದ 3ನೇ ಆವೃತ್ತಿಯಲ್ಲಿ ಈ ಜೋಡಣೆ ಇರಲಿಲ್ಲ. 2023ರ ಮಾರ್ಚಿನಲ್ಲಿ ಬಂದ 4ನೇ ಆವೃತ್ತಿಯಿಂದ ಇದೆ. ಆರ್‌ಪಿಜಿ ಮೇಕರ್‌ನ ಎಂವಿ ಆವೃತ್ತಿ ಮಾತಿನ ಪೆಟ್ಟಿಗೆಯಲ್ಲಿ ಒಂದೊಂದೇ ಸಂಕೇತವನ್ನು ಬಿಡಿಬಿಡಿಯಾಗಿ ಬರೆಯುತ್ತದೆ, ಇಂಗ್ಲಿಷಿಗೆ ಅದು ಸರಿ, ಕನ್ನಡವನ್ನು ಅದು ಒಡೆಯುತ್ತದೆ. ಆದ್ದರಿಂದ ಯಾವ ಎಂಜಿನ್ ಹಿಡಿಯುವ ಮುನ್ನವೂ 'ಸೂರ್ಯ, ರಾಷ್ಟ್ರ, ಪ್ರಶ್ನೆ, ಸ್ತ್ರೀ' ಎಂಬ ನಾಲ್ಕು ಪದಗಳನ್ನು ತೆರೆಯ ಮೇಲೆ ಮೂಡಿಸಿ ನೋಡಿ. ನಕ್ಷೆ, ಚಿತ್ರ, ಕಾಳಗ ಎಲ್ಲ ಆಮೇಲೆ. ಆರ್‌ಪಿಜಿಯ ಬಹುಪಾಲು ಜೀವ ಮಾತಿನಲ್ಲಿದೆ, ಮಾತು ಒಡೆದರೆ ಉಳಿದದ್ದು ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ.

ಒತ್ತು ತುಂಡಾಗುವುದಕ್ಕೆ ಕಾರಣ ಬೇರೆ. ಆಟದ ತೆರೆಯನ್ನು 320×180 ಚುಕ್ಕಿಗಳಷ್ಟು ಚಿಕ್ಕದಾಗಿ ರಚಿಸಿ ಹಿಗ್ಗಿಸುವುದು ವಾಡಿಕೆ. ಇಂಗ್ಲಿಷ್ ಅಕ್ಷರಕ್ಕೆ 8 ಚುಕ್ಕಿಯ ಎತ್ತರ ಸಾಕಾಗುತ್ತದೆ. 'ಷ್ಟ್ರ' ಎಂಬಲ್ಲಿ ಕೆಳಗೆ ಎರಡು ಒತ್ತುಗಳಿಗೆ ಜಾಗ ಬೇಕು, ಅದು ಎಂಟರಲ್ಲಿ ಹಿಡಿಯುವುದಿಲ್ಲ. ಗೊಡೋದ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಸ್ಟ್ರೆಚ್ ವಿಧಾನವನ್ನು 'ವ್ಯೂಪೋರ್ಟ್' ಬದಲು 'ಕ್ಯಾನ್ವಾಸ್ ಐಟಮ್ಸ್' ಎಂದೂ, ಟೆಕ್ಸ್ಚರ್ ಫಿಲ್ಟರನ್ನು 'ನಿಯರೆಸ್ಟ್' ಎಂದೂ ಇಟ್ಟರೆ, ಚಿತ್ರಗಳು ಚುಕ್ಕಿಚುಕ್ಕಿಯಾಗಿಯೇ ಹಿಗ್ಗಿ, ಅಕ್ಷರಗಳು ಮಾತ್ರ ತೆರೆಯ ನಿಜವಾದ ಸೂಕ್ಷ್ಮತೆಯಲ್ಲಿ ಮೂಡುತ್ತವೆ. ಪೆಟ್ಟಿಗೆಯಲ್ಲಿ ಮೂರು ಸಾಲಿನ ಬದಲು ಎರಡೇ ಸಾಲು ಇಟ್ಟು, ಸಾಲುಗಳ ನಡುವೆ ಅಂತರ ಹೆಚ್ಚಿಸಿ. ಫಾಂಟ್ ಫೈಲನ್ನು ಆಟದೊಳಗೇ ಸೇರಿಸುವುದನ್ನು ಮರೆಯಬೇಡಿ. ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಹಂಚಬಹುದಾದ ಫಾಂಟ್. ಸೇರಿಸದಿದ್ದರೆ, ಬ್ರೌಸರಿಗಾಗಿ ರಫ್ತು ಮಾಡಿದ ಆಟದಲ್ಲಿ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ.

ಮತ್ತೊಂದು ಸೂಕ್ಷ್ಮ. ಇಂಥ ಆಟಗಳಲ್ಲಿ ಮಾತು ಅಕ್ಷರ ಅಕ್ಷರವಾಗಿ ಟೈಪ್ ಆಗುತ್ತ ಬರುವುದು ರೂಢಿ. ಕನ್ನಡದಲ್ಲಿ ಸಂಕೇತಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಮೊದಲು 'ಪ', ಬಳಿಕ 'ಪ್', ಬಳಿಕ 'ಪ್ರ' ಎಂದು ಅಕ್ಷರದ ಆಕಾರವೇ ಕಣ್ಣೆದುರು ಬದಲಾಗಿ, ಓದುವವರ ಕಣ್ಣು ದಣಿಯುತ್ತದೆ. ಗೊಡೋದಲ್ಲಿ ಜೋಡಣೆಯಾದ ನಂತರ ಅಕ್ಷರ ತೋರಿಸುವ ಆಯ್ಕೆ ಇದೆ. ಆದರೆ ನನ್ನ ಸಲಹೆ ಕೇಳಿದರೆ, ಪದ ಪದವಾಗಿ ತೋರಿಸಿ. ನಾವು ಮಾತಾಡುವ ಲಯಕ್ಕೆ ಅದೇ ಹತ್ತಿರ.

ಲಿನಕ್ಸ್ ಒಳಗಿನ ತಂತ್ರಾಂಶಗಳಲ್ಲಿ ಕನ್ನಡ ಕೀಲಿಮಣೆ ಎಲ್ಲ ಕಡೆ ಸರಾಗವಾಗಿ ನಡೆಯುವುದಿಲ್ಲ. ಹಾಗಾಗಿ ಸಂಭಾಷಣೆಯನ್ನೆಲ್ಲ ಬ್ರೌಸರಿನ ಗೂಗಲ್ ಶೀಟ್ಸ್‌ನಲ್ಲಿ ಬರೆದು, ಸಿಎಸ್‌ವಿ ಫೈಲಾಗಿ (ಕೋಷ್ಟಕದ ಸಾದಾ ಪಠ್ಯರೂಪ) ಇಳಿಸಿ ಆಟಕ್ಕೆ ತನ್ನಿ. ಮಕ್ಕಳು ಬರೆದದ್ದನ್ನು ತಿದ್ದುವುದಕ್ಕೆ ನಿಮಗೂ ಅದೇ ಅನುಕೂಲ.

ಪ್ರಶ್ನೆ: ಮಗನಿಗೆ ಇಲ್ಲಿನ ಶಾಲೆಯವರು ಕ್ರೋಮ್‌ಬುಕ್ ಕೊಟ್ಟಿದ್ದಾರೆ. ಅದರಲ್ಲಿ ಲಿನಕ್ಸ್ ಆಯ್ಕೆಯೇ ಕಾಣುತ್ತಿಲ್ಲ. ಅವನಿಗೆ ಆರ್‌ಪಿಜಿ ಮಾಡುವ ಹುಚ್ಚು. ಅಜ್ಜಿ ಹೇಳಿದ ಕಥೆಯೊಂದನ್ನು ಆಟ ಮಾಡುತ್ತಾನಂತೆ.
– ಓದುಗರು, ನ್ಯೂಜೆರ್ಸಿ, ಅಮೆರಿಕ

ಉತ್ತರ: ಶಾಲೆಯ ಯಂತ್ರಗಳ ಹಿಡಿತ ಶಾಲೆಯ ಕೈಯಲ್ಲಿರುತ್ತದೆ, ಲಿನಕ್ಸ್ ಆಯ್ಕೆಯನ್ನು ಅವರೇ ಮುಚ್ಚಿರುತ್ತಾರೆ. ಅದನ್ನು ದಾಟುವ ಉಪಾಯಗಳಿಗೆ ಕೈಹಾಕಬೇಡಿ. ಬ್ರೌಸರಿನಲ್ಲೇ ನಡೆಯುವ, ಮೈಕ್ರೋಸಾಫ್ಟ್‌ನ ಉಚಿತ ಮೇಕ್‌ಕೋಡ್ ಆರ್ಕೇಡ್ ತೆರೆಯುತ್ತದೆಯೇ ನೋಡಿ. ಬ್ಲಾಕ್ ಜೋಡಿಸುತ್ತ ಕೋಡ್ ಕಲಿಯುವ ಮಕ್ಕಳಿಗೆ ಅದು ಬಹಳ ಒಳ್ಳೆಯದು. ತೆರೆ 160×120 ಚುಕ್ಕಿ, ಬಣ್ಣ 16. ಕನ್ನಡ ಅಕ್ಷರಕ್ಕೆ ಅಲ್ಲಿ ಸಿದ್ಧ ಫಾಂಟ್ ನಿರೀಕ್ಷಿಸಬೇಡಿ, ಆದರೆ 'ಅಜ್ಜಿ' ಎಂಬ ಪದವನ್ನು ಅವನೇ ಚುಕ್ಕಿಯಿಟ್ಟು ಚಿತ್ರವಾಗಿ ಬಿಡಿಸಬಹುದು. ಆ ನೆಪದಲ್ಲಿ ಒತ್ತು ಎಲ್ಲಿ ಕೂರುತ್ತದೆಂದು ಅಜ್ಜಿಯನ್ನೇ ಫೋನಿನಲ್ಲಿ ಕೇಳಲಿ.

ಪ್ರಶ್ನೆ: ಟ್ವೈನ್ ಎಂಬ ತಂತ್ರಾಂಶದಲ್ಲಿ ಮೂರು ತಿಂಗಳು ಬರೆದ ಕವಲು ಕಥೆ (ಓದುಗರ ಆಯ್ಕೆಯಂತೆ ದಾರಿ ಬದಲಿಸುವ ಕಥೆ), ಬ್ರೌಸರ್ ಹಿಸ್ಟರಿ ಅಳಿಸಿದ ಮೇಲೆ ಕಾಣೆಯಾಗಿದೆ. ಮರಳಿ ಸಿಗುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಬೇಸರದಿಂದ ಹೇಳುತ್ತೇನೆ, ಬೇರೆಡೆ ಪ್ರತಿ ಇಲ್ಲದಿದ್ದರೆ ಸಿಗುವುದು ಕಷ್ಟ. ಬ್ರೌಸರಿನಲ್ಲಿ ತೆರೆದ ಟ್ವೈನ್ ಕಥೆಯನ್ನು ಬ್ರೌಸರಿನ ಸ್ಥಳೀಯ ಸಂಗ್ರಹದಲ್ಲಿಯೇ ಇಡುತ್ತದೆ; ತಾಣಗಳ ಮಾಹಿತಿಯನ್ನೂ ಸೇರಿಸಿ ಅಳಿಸಿದರೆ ಅದೂ ಹೋಗುತ್ತದೆ. ಯಾರಿಗಾದರೂ ಓದಲು ಎಚ್‌ಟಿಎಂಎಲ್ ಫೈಲು ಕಳಿಸಿದ್ದರೆ ಕೇಳಿ ತರಿಸಿಕೊಳ್ಳಿ, ಅದನ್ನು ಟ್ವೈನ್‌ಗೆ ಇಂಪೋರ್ಟ್ ಮಾಡಿದರೆ ಕಥೆ ತಿದ್ದಲು ಬರುವಂತೆ ಮರಳುತ್ತದೆ. ಮುಂದೆ ಪ್ರತಿದಿನ ಬರೆದು ಮುಗಿಸಿ ಏಳುವ ಮುನ್ನ 'ಆರ್ಕೈವ್' ಗುಂಡಿ ಒತ್ತಿ ಪ್ರತಿ ಇಳಿಸಿಕೊಳ್ಳಿ.

ಪ್ರಶ್ನೆ: ಗೊಡೋದಲ್ಲಿ ಕಾಳಗದ ಭಾಗ ಬರೆದಿದ್ದೇನೆ. ಒಂದೋ ನಾಯಕ ಸುಲಭವಾಗಿ ಗೆಲ್ಲುತ್ತಾನೆ, ಇಲ್ಲವೇ ತಕ್ಷಣ ಸಾಯುತ್ತಾನೆ. ಪ್ರತಿ ಸಲ ಆಟ ಓಡಿಸಿ ನೋಡಲು ನನ್ನ ಲ್ಯಾಪ್‌ಟಾಪ್ ನಿಧಾನ.
– ಓದುಗರು, ಹಾಸನ

ಉತ್ತರ: ಆಟ ಓಡಿಸಬೇಕಾಗಿಯೇ ಇಲ್ಲ, ಕಾಗದ ಸಾಕು. ದಾಳಿಯ ಅಂಕದಿಂದ ಎದುರಾಳಿಯ ರಕ್ಷಣೆಯ ಅರ್ಧವನ್ನು ಕಳೆದರೆ ಬಂದದ್ದು ಪೆಟ್ಟು ಎಂಬ ಸರಳ ಸೂತ್ರ ಇಟ್ಟುಕೊಳ್ಳಿ. ನಾಯಕನ ದಾಳಿ 12, ಕಾಡುಹಂದಿಯ ರಕ್ಷಣೆ 6 ಇದ್ದರೆ ಒಂದು ಪೆಟ್ಟಿಗೆ 9 ಅಂಕ ಹೋಗುತ್ತದೆ. ಹಂದಿಯ ಪ್ರಾಣ 30 ಎಂದರೆ ನಾಲ್ಕನೇ ಪೆಟ್ಟಿಗೆ ಅದು ಬೀಳುತ್ತದೆ. ಮೊದಲ ಪೆಟ್ಟು ನಾಯಕನದೇ ಆದರೆ ಅಷ್ಟರಲ್ಲಿ ಹಂದಿ ಮೂರು ಸಲ ಹಾಯುತ್ತದೆ. ಅದರ ದಾಳಿ 10, ನಾಯಕನ ರಕ್ಷಣೆ 8 ಎಂದರೆ ಪ್ರತಿ ಸಲ 6ರಂತೆ 18 ಅಂಕ ನಷ್ಟ. ನಾಯಕನ ಪ್ರಾಣ 40 ಇದ್ದರೆ ಎರಡು ಹಂದಿಗಳನ್ನು ಗೆದ್ದ ಮೇಲೆ ಉಳಿಯುವುದು 4. ಮೂರನೆಯದರ ಮೊದಲ ಪೆಟ್ಟಿಗೇ ಅವನು ಬೀಳುತ್ತಾನೆ.

ನಕ್ಷೆಯಲ್ಲಿ ಎರಡನೇ ಹಂದಿಯ ನಂತರ, ಮೂರನೆಯದಕ್ಕಿಂತ ಮೊದಲು, ದಣಿವಾರಿಸುವ ಒಂದು ಬಾವಿ ಇಡಿ. ಕಣ್ಣಿಗೆ ಬೀಳುವಂತಿರಲಿ, ಆದರೆ ದಾರಿಯಿಂದ ಹತ್ತು ಹೆಜ್ಜೆ ಒಳಗಿರಲಿ. ಬಾವಿಗೆ ಹೋಗಬೇಕೋ ಬೇಡವೋ ಎಂದು ಆಡುವವರು ಅಲ್ಲಿ ಒಂದು ಕ್ಷಣ ನಿಂತು ಯೋಚಿಸಿದರೆ ನಿಮ್ಮ ಅಂಕಗಳು ಸರಿಯಾಗಿವೆ.