ಕಟ್ಟಡ ನೋಡುವ ಮೊದಲು ಪ್ರಯೋಗಾಲಯದ ಬಾಗಿಲು ತೆಗೆಸಿ

ಪ್ರಶ್ನೆ: ನಾವು ಕೊಪ್ಪಳ ಜಿಲ್ಲೆಯ ಕಾರಟಗಿ ತಾಲ್ಲೂಕಿನ ಹಳ್ಳಿಯವರು. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಓದುತ್ತಿದ್ದಾಳೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದಾಗಿನಿಂದ, ಪತ್ರಿಕೆಯಲ್ಲಿ ಬರುವ ನೀರಿನ ಮಟ್ಟವನ್ನು ನೋಟ್‌ಬುಕ್ಕಿನಲ್ಲಿ ಬರೆದು ನಕ್ಷೆ ಎಳೆಯುತ್ತಾಳೆ. ಗಣಿತ, ವಿಜ್ಞಾನ ಎಂದರೆ ಊಟ ಮರೆಯುತ್ತಾಳೆ. ಪಕ್ಕದ ಹಳ್ಳಿಯಲ್ಲಿ ಸರ್ಕಾರಿ ಪ್ರೌಢಶಾಲೆ ಇದ್ದರೂ ಹೆಣ್ಣುಮಕ್ಕಳ ಖಾಸಗಿ ಶಾಲೆಗೆ ಸೇರಿಸಬೇಕೆಂದು ಮನೆಯವರ ಆಸೆ. ಗಂಗಾವತಿಯಲ್ಲಿ ಕನ್ನಡ ಮಾಧ್ಯಮದ ಅನುದಾನಿತ ಶಾಲೆ ಒಂದಿದೆ. ಬಳ್ಳಾರಿಯಲ್ಲಿ ಹಾಸ್ಟೆಲ್ ಇರುವ ಇಂಗ್ಲಿಷ್ ಮಾಧ್ಯಮದ ಇನ್ನೊಂದಿದೆ. ಅಲ್ಲಿ ಎಂಟನೆಯ ತರಗತಿಯಿಂದಲೇ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಫೌಂಡೇಷನ್ ತರಬೇತಿ ಕೊಡುತ್ತಾರಂತೆ. ಯಾವುದು ಒಳ್ಳೆಯದು?

— ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ತಾಯಿ, ಮಗಳ ನೋಟ್‌ಬುಕ್ಕಿನ ಸಂಗತಿಯನ್ನು ಓದಿ ಬಹಳ ಸಂತೋಷವಾಯಿತು. ಯಾರೂ ಹೇಳದೆ ಅಳತೆಗಳನ್ನು ಬರೆದಿಟ್ಟು ನಕ್ಷೆ ಎಳೆಯುವ ಮಗುವಿಗೆ ಬೇಕಾಗಿರುವುದು ಅವಳ ಪ್ರಶ್ನೆಗೆ ಸಮಯ ಕೊಡುವ ಗಣಿತ ಮತ್ತು ವಿಜ್ಞಾನದ ಶಿಕ್ಷಕರು, ಜೊತೆಗೆ ಬೀಗ ಬೀಳದ ಒಂದು ಪ್ರಯೋಗಾಲಯ.

ನೀಟ್ ಪರೀಕ್ಷೆಯಲ್ಲಿ ಇರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ, ಗಣಿತವಿಲ್ಲ. ಗಣಿತಕ್ಕೆ ಊಟ ಮರೆಯುವ ಹುಡುಗಿಯನ್ನು ಹದಿಮೂರನೆಯ ವಯಸ್ಸಿಗೇ ಆ ದಾರಿಗೆ ಹಚ್ಚುವುದು ನನಗೆ ಸರಿಯೆನಿಸುವುದಿಲ್ಲ. ಫೌಂಡೇಷನ್ ತರಗತಿಗಾಗಿ ವಾರದಲ್ಲಿ ಎಷ್ಟು ಪ್ರಯೋಗದ ಪೀರಿಯಡ್‌ಗಳನ್ನು ಬಿಟ್ಟುಕೊಟ್ಟಿದ್ದಾರೆ ಎಂದು ಬಳ್ಳಾರಿಯ ಶಾಲೆಯಲ್ಲಿ ನೇರವಾಗಿಯೇ ಕೇಳಿ.

ಇನ್ನು ಮನೆಗಳಲ್ಲಿ ಯಾರೂ ಲೆಕ್ಕ ಹಾಕದ ವಿಷಯವೊಂದಿದೆ. ಸಿಇಟಿ ಮೂಲಕ ಹಂಚುವ ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ನಿಮ್ಮ ಮಗಳು ಈ ತರಗತಿ ಮುಗಿಸಿದರೆ ಏಳು ವರ್ಷ ಪೂರೈಸಿದಂತಾಗುತ್ತದೆ. ಗಂಗಾವತಿಗೆ ಹೋದರೆ ಮೊದಲನೆಯದು ಕೈತಪ್ಪುತ್ತದೆ, ಬಳ್ಳಾರಿಗೆ ಹೋದರೆ ಎರಡೂ ಹೋಗುತ್ತವೆ. ಹಾಗೆಯೇ ಎಂಟನೆಯ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯನ್ನು ಅನುದಾನರಹಿತ ಖಾಸಗಿ ಶಾಲೆಯ ಮಕ್ಕಳು ಬರೆಯುವಂತಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಯವರಿಗೆ ಅವಕಾಶವಿದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಇಷ್ಟನ್ನು ಬಿಟ್ಟುಕೊಡುವುದಾದರೆ ಅದಕ್ಕೆ ತಕ್ಕ ಕಲಿಕೆ ಆ ಶಾಲೆಯಲ್ಲಿ ನಿಜವಾಗಿಯೂ ಇರಬೇಕು.

ಇದೆಯೇ ಎಂಬುದನ್ನು ನೋಡಲು ಬೇಸಿಗೆ ರಜೆಗೆ ಮೊದಲೇ, ತರಗತಿಗಳು ನಡೆಯುತ್ತಿರುವ ದಿನ ಹೋಗಿ. ಪ್ರಯೋಗಾಲಯದ ಬಾಗಿಲು ತೆಗೆಸಿ. ತೊಟ್ಟಿಯ ನಲ್ಲಿ ತಿರುಗಿಸಿದರೆ ನೀರು ಬರುತ್ತದೆಯೇ, ಆಸಿಡ್ ಬಾಟಲಿಯ ಮುಚ್ಚಳದ ಮೇಲೆ ಧೂಳು ಕೂತಿದೆಯೇ, ಸೂಕ್ಷ್ಮದರ್ಶಕ ಮೇಜಿನ ಮೇಲಿದೆಯೇ ಅಥವಾ ಗಾಜಿನ ಬೀರುವಿನಲ್ಲಿದೆಯೇ ಎಂದು ಗಮನಿಸಿ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರ ಪ್ರಯೋಗದ ಪುಸ್ತಕಗಳನ್ನು ಕೇಳಿ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲಿಯೂ ಅಳತೆಗಳು ಒಂದೇ ಆಗಿದ್ದರೆ ಬೋರ್ಡಿನಿಂದ ನಕಲು ಮಾಡಿದ್ದಾರೆಂದು ತಿಳಿಯಿರಿ. ಬಹಳ ವರ್ಷ ವಿಜ್ಞಾನ ಕಲಿಸಿದ ನಾನು ಹುಡುಗ ಹುಡುಗಿಯರು ಕೂಡಿರುವ ತರಗತಿಗಳಲ್ಲಿ ಕಂಡದ್ದು, ಉಪಕರಣ ಹುಡುಗರ ಕೈಯಲ್ಲಿ, ಬರವಣಿಗೆ ಹುಡುಗಿಯರ ಕೈಯಲ್ಲಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡೂ ಅವರ ಕೈಗೇ ಬರುತ್ತವೆ. ಆ ಕಾರಣಕ್ಕೆ ನಿಮ್ಮ ಯಜಮಾನರ ಆಸೆಯನ್ನು ನಾನು ತಳ್ಳಿಹಾಕುವುದಿಲ್ಲ.

ಗಂಗಾವತಿಗೆ ಓಡಾಡಲು ಸಾರಿಗೆ ಬಸ್ಸಿನ ಖರ್ಚು ಹೆಣ್ಣುಮಕ್ಕಳಿಗಿಲ್ಲ. ಸಂಜೆಯ ಬಸ್ಸಿನ ಸಮಯವೊಂದನ್ನು ಖಚಿತಪಡಿಸಿಕೊಳ್ಳಿ. ಎಂಟನೆಯ ತರಗತಿಗೆ ಪ್ರವೇಶ ಪರೀಕ್ಷೆ ನಡೆಸುವುದನ್ನೂ ಡೊನೇಷನ್ ಕೇಳುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಯಾರಾದರೂ ಕೇಳಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಬರೆದುಕೊಡಿ.

ನಿಮ್ಮ ಪತ್ರದಿಂದ ತಿಳಿದಷ್ಟರಲ್ಲಿ ನನ್ನ ಒಲವು ಗಂಗಾವತಿಯ ಶಾಲೆಯ ಕಡೆಗಿದೆ. ಆದರೆ ಪಕ್ಕದ ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿ ಒಳ್ಳೆಯ ಗಣಿತ ಶಿಕ್ಷಕರಿದ್ದರೆ ಅದನ್ನೇ ಆರಿಸಿಕೊಳ್ಳಿ. ಹೋದಲ್ಲೆಲ್ಲ ಮಗಳನ್ನು ಕರೆದುಕೊಂಡು ಹೋಗಿ, ಜಲಾಶಯದ ನೋಟ್‌ಬುಕ್ಕನ್ನು ಅವಳ ಕೈಯಿಂದಲೇ ಶಿಕ್ಷಕರಿಗೆ ಕೊಡಿಸಿ. "ಜಾಣೆ" ಎಂದು ಮುಚ್ಚಿಕೊಡುತ್ತಾರೋ, "ಈ ವಾರ ಗೆರೆ ಯಾಕಮ್ಮ ಕೆಳಗಿಳಿದಿದೆ?" ಎಂದು ಕೇಳುತ್ತಾರೋ ನೋಡಿ.