ಮಂಡ್ಯ ಸೀಮೆಯ ಕಾವೇರಿ ಕಣಿವೆ ಬೆಳೆದದ್ದು ಕೆ.ಆರ್.ಎಸ್. (ಕೃಷ್ಣರಾಜ ಸಾಗರ) ಅಣೆಕಟ್ಟು ಬಂದ ಮೇಲೆಯೇ?

ಅರ್ಧ ಮಾತ್ರ ನಿಜ. ಇಲ್ಲಿ ಜನ ನೆಲೆ ನಿಂತದ್ದು ಬಹಳ ಹಿಂದೆ. ಕಾವೇರಿ, ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ ನವಶಿಲಾಯುಗದ ನೆಲೆ ಅಗೆತದಲ್ಲಿ ಸಿಕ್ಕಿದೆ. ಗಂಗರ ರಾಜಧಾನಿ ತಲಕಾಡು ಇರುವುದೂ ಇದೇ ಹೊಳೆ ದಂಡೆಯಲ್ಲಿ.

ಆದರೆ ಹೊಳೆ ಪಕ್ಕದಲ್ಲಿದ್ದ ಮಾತ್ರಕ್ಕೆ ನೀರು ಸುಮ್ನೆ ಹೊಲಕ್ಕೆ ಬರಲ್ಲ, ಅಲ್ವಾ? ಹೊಳೆ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ಅದಕ್ಕೇ ಹಳಬರು ಹೊಳೆಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟೆ ಹಾಕಿದರು. ನೀರು ಸ್ವಲ್ಪ ಮೇಲೆದ್ದು ಪಕ್ಕದ ನಾಲೆಗೆ ತಿರುಗುತ್ತಿತ್ತು. ನಾಲೆಯ ಇಳಿಜಾರು ಹೊಳೆಯದಕ್ಕಿಂತ ಕಡಿಮೆ. ಹಾಗಾಗಿ ಮುಂದೆ ಹೋದಷ್ಟೂ ನಾಲೆ ಹೊಳೆಗಿಂತ ಮೇಲೇ ಉಳಿಯುತ್ತದೆ, ಇವೆರಡರ ನಡುವಿನ ಜಮೀನು ಗದ್ದೆಯಾಗುತ್ತದೆ. 17ನೇ ಶತಮಾನದಲ್ಲಿ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಇವತ್ತಿಗೂ ಗದ್ದೆಗಳಿಗೆ ನೀರುಣಿಸುತ್ತಿದೆ. ಪಂಪು, ಸಿಮೆಂಟು ಇಲ್ಲದ ಕಾಲದ ಈ ಕೆಲಸಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಾಲೆಗಿಂತ ಎತ್ತರದಲ್ಲಿದ್ದ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹೊಲಗಳ ಕತೆಯೇ ಬೇರೆ. ಅಲ್ಲಿ ರಾಗಿಯೇ ಜಾಸ್ತಿ. ಮಳೆ, ಕೆರೆಗಳನ್ನೇ ನಂಬಬೇಕಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್. ಕೆಲಸ ಶುರುವಾಯಿತು. ಆಮೇಲೆ ಹುಲಿಕೆರೆ ಸುರಂಗದಲ್ಲಿ ಗುಡ್ಡ ದಾಟಿದ ವಿಶ್ವೇಶ್ವರಯ್ಯ ನಾಲೆ ಈ ಹೊಲಗಳಿಗೆ ನೀರು ತಂದಿತು. ಭತ್ತ, ಕಬ್ಬು ಹಬ್ಬಿದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಶುರುವಾಯಿತು, 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು. ಇದಕ್ಕೆಲ್ಲ ಬೆಲೆ ತೆತ್ತವರು ಕನ್ನಂಬಾಡಿ ಊರಿನವರು. ನೀರು ನಿಂತ ಜಾಗದಲ್ಲಿ ಅವರ ಮನೆಗಳಿದ್ದವು.