ಮುಂಬಯಿಯ ಎಲ್‌ಎನ್‌ಜಿ ಕೆಲಸ ಒಪ್ಪಿಕೊಳ್ಳಲೇ ಎಂದು ಕೇಳಿದವರಿಗೆ

ದಾವಣಗೆರೆಯಿಂದ ನೀವು ಬರೆದ ಪತ್ರವನ್ನು ಓದಿದೆ. ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿ ಕೆಲಕಾಲ ಕಾರ್ಖಾನೆಯೊಂದರಲ್ಲಿ ದುಡಿದಿದ್ದೀರಿ, ಈಗ ಮುಂಬಯಿಯ ಕಂಪನಿಯೊಂದರ ಎಲ್‌ಎನ್‌ಜಿ (ತಣಿಸಿ ದ್ರವವಾಗಿಸಿದ ನೈಸರ್ಗಿಕ ಅನಿಲ) ಖರೀದಿ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಈ ಉದ್ಯಮ ಇನ್ನು ಹದಿನೈದಿಪ್ಪತ್ತು ವರ್ಷ ನಿಲ್ಲುತ್ತದೆಯೇ, ಮುಂಬಯಿಯ ಬದಲು ನೇರವಾಗಿ ಕತಾರಿನ ದೋಹಾಕ್ಕೆ ಹೋಗುವುದು ಮೇಲೇ, ಬಂದರೆ ದಿನಚರಿ ಹೇಗಿರುತ್ತದೆ, ಮನೆ ಎಲ್ಲಿ ಹಿಡಿಯಬೇಕು ಎಂದು ಕೇಳಿದ್ದೀರಿ. ಹಡಗು ಮತ್ತು ಅನಿಲದ ಒಪ್ಪಂದಗಳ ಕಾಗದಪತ್ರ ನೋಡಿಕೊಂಡೇ ಈ ಊರಿನಲ್ಲಿ ತಲೆ ನರೆಸಿಕೊಂಡವನು ನಾನು. ಬನ್ನಿ ಎಂಬುದೇ ನನ್ನ ಉತ್ತರ. ಆದರೆ ಈ ಉದ್ಯಮದ ಒಂದು ಒಳ್ಳೆಯ ವರ್ಷವನ್ನು ನಂಬಿ ಮನೆ ಸಾಲ ಮಾಡಬೇಡಿ. ಹಾಗೆ ಏಕೆ ಹೇಳುತ್ತೇನೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಅನಿಲವನ್ನು ಮೈನಸ್ 162 ಡಿಗ್ರಿಗೆ ತಣಿಸಿದರೆ ಅದು ದ್ರವವಾಗಿ, ಮೊದಲಿನ ಗಾತ್ರದ ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂಬುದನ್ನು ಎಂಜಿನಿಯರ್ ಆದ ನಿಮಗೆ ನಾನು ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಹಣದ ಲೆಕ್ಕ. ಈಗ ಸಾಮಾನ್ಯವಾಗಿ ಓಡಾಡುವ ಹೊಸ ಹಡಗೊಂದರ ಸಾಮರ್ಥ್ಯ 1,74,000 ಘನ ಮೀಟರ್. ಅದರಲ್ಲಿ ಎಪ್ಪತ್ತು ಸಾವಿರ ಟನ್ನಿಗೂ ಹೆಚ್ಚು ಸರಕು ಹಿಡಿಯುತ್ತದೆ, ಶಾಖದ ಲೆಕ್ಕದಲ್ಲಿ ಅದು ಸುಮಾರು 35 ಲಕ್ಷ ಎಂಎಂಬಿಟಿಯು. ಅನಿಲದ ಬೆಲೆ ಕಟ್ಟುವುದು ಈ ಶಾಖದ ಅಳತೆಯಲ್ಲೇ. ಎಂಎಂಬಿಟಿಯುಗೆ ದರ ಒಂದು ಡಾಲರ್ ಏರಿದರೆ ಒಂದೇ ಹಡಗಿಗೆ ಸುಮಾರು 30 ಕೋಟಿ ರೂಪಾಯಿ ಹೆಚ್ಚು ತೆರಬೇಕಾಗುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಹೀಗೆ ಸಾಗುವ ಎಲ್‌ಎನ್‌ಜಿ ಸುಮಾರು 40 ಕೋಟಿ ಟನ್. ಮಾರುವವರಲ್ಲಿ ಅಮೆರಿಕ, ಆಸ್ಟ್ರೇಲಿಯಾ ಮತ್ತು ಕತಾರ್ ಮುಂದಿವೆ. ಕೊಳ್ಳುವವರಲ್ಲಿ ಚೀನಾ, ಜಪಾನ್, ದಕ್ಷಿಣ ಕೊರಿಯಾಗಳ ನಂತರ ನಾಲ್ಕನೆಯವರು ನಾವು. ನಮ್ಮ ದೇಶ ಬಳಸುವ ಅನಿಲದಲ್ಲಿ ಸುಮಾರು ಅರ್ಧದಷ್ಟು ಹೊರಗಿನಿಂದಲೇ ಬರುತ್ತದೆ.

ಈ ವ್ಯಾಪಾರದಲ್ಲಿ ಎರಡು ಬಗೆಯ ಕಾಲಮಾನಗಳಿವೆ. ಒಂದು, ಇಪ್ಪತ್ತು ಇಪ್ಪತ್ತೈದು ವರ್ಷಗಳ ಒಪ್ಪಂದದ್ದು. ಕತಾರಿನೊಡನೆ ನಮ್ಮ ಆಮದು ಕಂಪನಿ ಪೆಟ್ರೋನೆಟ್ ಮಾಡಿಕೊಂಡ ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದಕ್ಕೆ 1999ರಲ್ಲಿ ಸಹಿಯಾಯಿತು, 2004ರಲ್ಲಿ ಗುಜರಾತಿನ ದಹೇಜಿಗೆ ಮೊದಲ ಹಡಗು ಬಂತು, 2024ರ ಫೆಬ್ರವರಿಯಲ್ಲಿ ಅದನ್ನು 2028ರಿಂದ 2048ರವರೆಗೆ ಮುಂದುವರಿಸಲಾಯಿತು. ನೀವು ನಿವೃತ್ತಿಯ ಹೊತ್ತಿಗೂ ನೋಡಬಹುದಾದ ಕಡತ ಅದು. ಇನ್ನೊಂದು, ಅಂದಂದಿನ ದರಕ್ಕೆ ಒಂದೊಂದೇ ಹಡಗು ಕೊಳ್ಳುವ ಸ್ಪಾಟ್ ಮಾರುಕಟ್ಟೆಯದು. ಅಲ್ಲಿ ಏಷ್ಯಾದ ದರಸೂಚಿಯಾದ ಜೆಕೆಎಂ 2020ರಲ್ಲಿ, ಕೊರೊನಾ ಕಾಲದಲ್ಲಿ, ಎಂಎಂಬಿಟಿಯುಗೆ ಎರಡು ಡಾಲರಿಗೂ ಕೆಳಗೆ ಬಿದ್ದಿತ್ತು. ಎರಡೇ ವರ್ಷದಲ್ಲಿ, 2022ರ ಮಾರ್ಚ್‌ನಲ್ಲಿ, ಅದು 80 ಡಾಲರ್ ದಾಟಿತು. ರಷ್ಯಾದ ಕೊಳವೆ ಅನಿಲ ಕಡಿಮೆಯಾಗುತ್ತ ಬಂದಂತೆ ಯೂರೋಪು ಸಿಕ್ಕ ಹಡಗನ್ನೆಲ್ಲ ಕೇಳಿದ ಬೆಲೆಗೆ ಕೊಂಡಿತು. ಜರ್ಮನಿಯಲ್ಲಿ ಅದುವರೆಗೆ ಹಡಗಿನಿಂದ ಅನಿಲ ಇಳಿಸಿಕೊಳ್ಳುವ ಒಂದೂ ಎಲ್‌ಎನ್‌ಜಿ ಟರ್ಮಿನಲ್ ಇರಲಿಲ್ಲ, ಆ ವರ್ಷದ ಡಿಸೆಂಬರಿನೊಳಗೆ ವಿಲ್ಹೆಲ್ಮ್ಸ್‌ಹಾಫೆನ್‌ನಲ್ಲಿ ತೇಲುವ ಟರ್ಮಿನಲನ್ನೇ ತಂದು ಕಟ್ಟಿತು. ಅದೇ ವರ್ಷ ಪಾಕಿಸ್ತಾನ ಕರೆದ ಟೆಂಡರಿಗೆ ಒಬ್ಬ ಮಾರಾಟಗಾರನೂ ಬರಲಿಲ್ಲ.

ನಮಗೂ ಬಿಸಿ ತಟ್ಟಿತು. ರಷ್ಯಾದ ಅನಿಲ ಕಂಪನಿ ಗ್ಯಾಸ್‌ಪ್ರೋಂ ಜೊತೆ ನಮ್ಮ ಸರ್ಕಾರಿ ಗೇಲ್ ಸಂಸ್ಥೆ ದೀರ್ಘಾವಧಿಯ ಒಪ್ಪಂದ ಮಾಡಿಕೊಂಡಿತ್ತು. ಅನಿಲ ಪೂರೈಸಬೇಕಾದ ಗ್ಯಾಸ್‌ಪ್ರೋಂನ ಸಿಂಗಪುರದ ಅಂಗಸಂಸ್ಥೆ ಅದರ ಜರ್ಮನ್ ಕಂಪನಿಯ ಅಧೀನದಲ್ಲಿತ್ತು. ಉಕ್ರೇನ್ ಯುದ್ಧದ ನಂತರ ಆ ಜರ್ಮನ್ ಕಂಪನಿ ಅಲ್ಲಿನ ಸರ್ಕಾರದ ಹಿಡಿತಕ್ಕೆ ಹೋಗಿ, ನಮಗೆ ಬರಬೇಕಾದ ಹಡಗುಗಳು ನಿಂತುಹೋದವು. ಒಪ್ಪಂದ ಎಷ್ಟೇ ಬಿಗಿಯಾಗಿದ್ದರೂ, ದಂಡ ತೆತ್ತು ಬೇರೆಡೆ ಮಾರಿದರೆ ಹೆಚ್ಚು ಲಾಭ ಎಂಬ ಕಾಲ ಬಂದಾಗ ಅದರ ಯಾವ ಸಾಲು ನಮ್ಮನ್ನು ಕಾಯುತ್ತದೆ ಎಂಬುದನ್ನು ಓದಿಟ್ಟುಕೊಂಡಿರಬೇಕು. ಟೇಕ್ ಆರ್ ಪೇ (ಸರಕು ಒಯ್ಯದಿದ್ದರೂ ಹಣ ತೆರುವ ಷರತ್ತು), ಫೋರ್ಸ್ ಮೆಜೂರ್ (ಕೈಮೀರಿದ ಘಟನೆಗೆ ವಿನಾಯಿತಿ), ಹಡಗನ್ನು ಬೇರೆ ಬಂದರಿಗೆ ತಿರುಗಿಸುವ ಹಕ್ಕು, ಈ ಮೂರರ ಭಾಗಗಳನ್ನು ಬಂದ ಮೊದಲ ತಿಂಗಳಲ್ಲೇ ಕೂತು ಓದಿ. ಯಾರೂ ಹೇಳಿಕೊಡುವುದಿಲ್ಲ, ದರದ ಪಟ್ಟಿಯನ್ನು ಮಾತ್ರ ಎಲ್ಲರೂ ತೋರಿಸುತ್ತಾರೆ.

ಈಗ ಮುಂದಿನ ಮಾತು. ಅಮೆರಿಕದ ಮೆಕ್ಸಿಕೊ ಕೊಲ್ಲಿಯ ತೀರದಲ್ಲಿ ಒಂದರ ಹಿಂದೊಂದು ದ್ರವೀಕರಣ ಘಟಕ ಏಳುತ್ತಿದೆ. ಕತಾರು ತನ್ನ 7.7 ಕೋಟಿ ಟನ್ನಿನ ಸಾಮರ್ಥ್ಯವನ್ನು ಹಂತಹಂತವಾಗಿ 14.2 ಕೋಟಿ ಟನ್ನಿಗೆ ಒಯ್ಯುವ ಯೋಜನೆ ಹಾಕಿದೆ. ಕೆನಡಾದ ಕಿಟಿಮಾಟ್‌ನಿಂದ 2025ರಲ್ಲಿ ಸಾಗಣೆ ಶುರುವಾಗಿದೆ. 2030ರೊಳಗೆ ವರ್ಷಕ್ಕೆ ಸುಮಾರು 30,000 ಕೋಟಿ ಘನ ಮೀಟರಿನಷ್ಟು ಹೊಸ ಸಾಮರ್ಥ್ಯ ಸೇರಲಿದೆ ಎಂಬುದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಯುದ್ಧ, ಬೆಂಕಿ, ರಾಜಕೀಯ ಯಾವುದಾದರೂ ಇದನ್ನು ಹಿಂದೆ ಹಾಕಬಹುದು. 2022ರ ಜೂನಿನಲ್ಲಿ ಟೆಕ್ಸಾಸಿನ ಫ್ರೀಪೋರ್ಟ್ ಘಟಕದಲ್ಲಿ ಬೆಂಕಿ ಬಿದ್ದು ಅದು ತಿಂಗಳುಗಟ್ಟಲೆ ಮುಚ್ಚಿತ್ತು. ಮೊಜಾಂಬಿಕ್‌ನ ಯೋಜನೆಯಲ್ಲಿ ನಮ್ಮ ಸಾರ್ವಜನಿಕ ಕಂಪನಿಗಳೇ ಶೇ. 30ರಷ್ಟು ಪಾಲು ಹೊಂದಿವೆ, ಅದು 2021ರ ಉಗ್ರರ ದಾಳಿಯ ನಂತರ ವರ್ಷಗಟ್ಟಲೆ ಸ್ಥಗಿತಗೊಂಡಿತು. ಆದರೂ ಒಟ್ಟು ದಿಕ್ಕು ಹೆಚ್ಚು ಅನಿಲ, ಕಡಿಮೆ ಬೆಲೆಯ ಕಡೆಗೇ ಎಂಬುದು ನನ್ನ ಎಣಿಕೆ.

ನೀವು ದೋಹಾ ಮತ್ತು ಮುಂಬಯಿಗಳನ್ನು ತೂಗಿ ನೋಡಬೇಕಾದದ್ದು ಇಲ್ಲೇ. ಅನಿಲ ಅಗ್ಗವಾಗುತ್ತದೆ ಎಂಬ ಸುದ್ದಿ ಬಂದರೆ ಮಾರುವವರ ಊರಿನಲ್ಲಿ ಹೊಸ ನೇಮಕ ನಿಲ್ಲುತ್ತದೆ, ಬೋನಸ್ ಕರಗುತ್ತದೆ. ಕೊಳ್ಳುವವರ ಊರಿನಲ್ಲಿ ಅದೇ ಸುದ್ದಿಗೆ ಕೆಲಸ ಹೆಚ್ಚುತ್ತದೆ. ಭಾರತದ ಗಿರಾಕಿ ಬೆಲೆಯ ಮೇಲೆ ಕಣ್ಣಿಟ್ಟ ಗಿರಾಕಿ. ಗುಜರಾತಿನ ಮೋರ್ಬಿಯ ಟೈಲ್ಸ್ ಕಾರ್ಖಾನೆಗಳನ್ನೇ ನೋಡಿ: ಅನಿಲ ದುಬಾರಿಯಾದ ಕೂಡಲೇ ಪ್ರೊಪೇನಿಗೆ ಹೊರಳುತ್ತವೆ, ಅಗ್ಗವಾದರೆ ಮರಳುತ್ತವೆ. ಅನಿಲದಿಂದ ನಡೆಯುವ ವಿದ್ಯುತ್ ಸ್ಥಾವರಗಳು ಸುಮಾರು 20,000 ಮೆಗಾವಾಟ್‌ನಷ್ಟು ಇದ್ದರೂ ವರ್ಷದ ಬಹುಭಾಗ ತಣ್ಣಗೆ ಮಲಗಿರುತ್ತವೆ, ಏಕೆಂದರೆ ಕಲ್ಲಿದ್ದಲಿನ ಮುಂದೆ, ಈಗ ಬಿಸಿಲಿನ ವಿದ್ಯುತ್ತಿನ ಮುಂದೆಯೂ, ಆ ಬೆಲೆ ನಿಲ್ಲುವುದಿಲ್ಲ. ಒಟ್ಟು ಇಂಧನದಲ್ಲಿ ಅನಿಲದ ಪಾಲನ್ನು 2030ರ ಹೊತ್ತಿಗೆ ಶೇ. 15ಕ್ಕೆ ಏರಿಸಬೇಕೆಂಬುದು ಸರ್ಕಾರದ ಗುರಿ. ಈಗಿರುವುದು ಅದರ ಅರ್ಧಕ್ಕೂ ಕಡಿಮೆ. ಆ ಗುರಿ ಹೇಳಿದ ವರ್ಷಕ್ಕೆ ಮುಟ್ಟುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ರಸಗೊಬ್ಬರ ಕಾರ್ಖಾನೆಗಳು ಮತ್ತು ನಗರಗಳ ಕೊಳವೆ ಅನಿಲ ಇದ್ದಷ್ಟು ದಿನ ಕೊಳ್ಳುವ ಕೆಲಸಕ್ಕೆ ಕೊರತೆಯಿಲ್ಲ. 2024ರ ಕೊನೆಯಲ್ಲಿ ಸಿಎನ್‌ಜಿಗೆಂದು ಕೊಡುತ್ತಿದ್ದ ಅಗ್ಗದ ದೇಶೀ ಅನಿಲವನ್ನು ಸರ್ಕಾರ ಕಡಿತ ಮಾಡಿತು. ಆ ಕೊರತೆಯನ್ನು ತುಂಬಲು ಹೆಚ್ಚು ಬೆಲೆಯ ಅನಿಲ ತರಬೇಕಾಯಿತು, ಇಲ್ಲಿನ ಪಂಪಿನಲ್ಲಿ ಸಿಎನ್‌ಜಿ ದರವೂ ಏರಿತು. ನೀವು ಹತ್ತುವ ರಿಕ್ಷಾದ ಚಾಲಕ ಮೀಟರ್ ಸಾಲದು ಎಂದು ಗೊಣಗಿದರೆ, ಆ ಗೊಣಗಾಟದ ಒಂದು ತುದಿ ನಿಮ್ಮ ಮೇಜಿನ ಮೇಲಿರುತ್ತದೆ.

ಸಾಗಣೆಯ ಅಪಾಯಗಳು ನಿಮ್ಮ ನಿದ್ದೆಗೆಡಿಸುವಂಥವು. 2024ರಲ್ಲಿ ಜಗತ್ತಿನ ಎಲ್‌ಎನ್‌ಜಿಯ ಸುಮಾರು ಐದನೇ ಒಂದು ಪಾಲು ಹಾರ್ಮುಝ್ ಜಲಸಂಧಿಯ ಮೂಲಕ ಸಾಗಿತ್ತು, ಕತಾರಿನಿಂದ ನಮಗೆ ಬೇರೆ ದಾರಿಯೇ ಇಲ್ಲ. 2023ರಲ್ಲಿ ಪನಾಮಾ ಕಾಲುವೆಗೆ ನೀರಿನ ಕೊರತೆ, ಆ ವರ್ಷದ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ. ಅಮೆರಿಕದ ಸರಕು ಆಫ್ರಿಕಾದ ತುದಿ ಸುತ್ತಿ ಬರುವಂತಾಯಿತು. ದಾರಿ ಉದ್ದವಾದಷ್ಟೂ ಟ್ಯಾಂಕಿನಲ್ಲಿ ದಿನಕ್ಕೆ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು ಆವಿಯಾಗುತ್ತದೆ. ಹಡಗಿನ ಎಂಜಿನ್ ಅದನ್ನೇ ಉರಿಸಿಕೊಂಡು ಓಡುತ್ತದೆ, ಆದರೆ ಲೆಕ್ಕದಲ್ಲಿ ಅದೂ ಸರಕೇ. ಇನ್ನು ಹಡಗಿನ ಬಾಡಿಗೆ: 2022ರ ಶರತ್ಕಾಲದಲ್ಲಿ ದಿನಕ್ಕೆ ನಾಲ್ಕು ಲಕ್ಷ ಡಾಲರ್ ದಾಟಿದ್ದು, 2025ರ ಆರಂಭದಲ್ಲಿ ಇಪ್ಪತ್ತು ಸಾವಿರಕ್ಕೂ ಕೆಳಗಿಳಿದಿತ್ತು. ಅನಿಲ ಘಟಕಗಳು ತಡವಾದವು, ಅವುಗಳಿಗೆಂದು ಕೊರಿಯಾದಲ್ಲಿ ಕಟ್ಟಿಸಿದ ಹಡಗುಗಳು ಮಾತ್ರ ಹೊತ್ತಿಗೆ ಸರಿಯಾಗಿ ನೀರಿಗಿಳಿದವು.

ಪರಿಸರದ ಪ್ರಶ್ನೆಯನ್ನೂ ನೀವು ಎತ್ತಿದ್ದೀರಿ. ಉರಿಸಿದಾಗ ಅನಿಲ ಕಲ್ಲಿದ್ದಲಿಗಿಂತ ಚೊಕ್ಕಟ ಎಂಬುದು ನಿಜ. ಆದರೆ ಉರಿಯದೆ ಸೋರಿದ ಮೀಥೇನ್ ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟಿಗೂ ಹೆಚ್ಚು ಕಾವು ಹಿಡಿದಿಡುತ್ತದೆ. ಯೂರೋಪು 2024ರಲ್ಲಿ ಮೀಥೇನ್ ನಿಯಮ ತಂದು, ಆಮದಾಗುವ ಅನಿಲದ ಸೋರಿಕೆಗೂ ಲೆಕ್ಕ ಕೇಳಲು ಹೊರಟಿದೆ. ನಮ್ಮಲ್ಲಿ ಕೊಳ್ಳುವವರು ಇನ್ನೂ ಆ ಲೆಕ್ಕ ಕೇಳುತ್ತಿಲ್ಲ. ಇಂದಲ್ಲ ನಾಳೆ ಕೇಳಲೇಬೇಕಾಗುತ್ತದೆ, ಆಗ ಸೋರಿಕೆ ಅಳೆಯುವುದನ್ನು ಬಲ್ಲ ಕೆಮಿಕಲ್ ಎಂಜಿನಿಯರಿಗೆ ದರ ಊಹಿಸುವವನಿಗಿಂತ ಹೆಚ್ಚು ಬೆಲೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೆಲಸಕ್ಕೆ ಸೇರಿದ ಮೇಲೆ ಮೇಲಧಿಕಾರಿಯನ್ನು ಕಾಡಿ ಬೇಡಿಯಾದರೂ ಟರ್ಮಿನಲ್ ಒಂದನ್ನು ನೋಡಿ ಬನ್ನಿ. ಮುಂಬಯಿಯಿಂದ ಹೋಗಿಬರಲು ಅನುಕೂಲವಾದದ್ದು ದಾಭೋಳ. ಕೊಂಕಣ ರೈಲಿನಲ್ಲಿ ಚಿಪ್ಳೂಣಕ್ಕೆ ಹೋಗಿ, ಗುಹಾಗರದ ರಸ್ತೆ ಹಿಡಿದರೆ ಅಂಜನವೇಲ್ ಸಿಗುತ್ತದೆ. ಎನ್ರಾನ್ ಕಂಪನಿ ಕಟ್ಟಿಸಿದ ವಿದ್ಯುತ್ ಸ್ಥಾವರದ ಜಾಗ ಅದು. ಆ ವಿದ್ಯುತ್ತಿನ ಬೆಲೆ ಕೊಡಲಾಗದೆ ಮಹಾರಾಷ್ಟ್ರದ ವಿದ್ಯುತ್ ಮಂಡಳಿ 2001ರಲ್ಲಿ ಖರೀದಿ ನಿಲ್ಲಿಸಿತು, ವರ್ಷದ ಕೊನೆಗೆ ಎನ್ರಾನೇ ದಿವಾಳಿಯಾಯಿತು, ಅರ್ಧಕ್ಕೆ ನಿಂತ ಟರ್ಮಿನಲಿಗೆ ಅನಿಲ ಬರಲು 2013ರವರೆಗೆ ಕಾಯಬೇಕಾಯಿತು. ಅಲೆ ತಡೆಯುವ ಗೋಡೆ ಪೂರ್ತಿಯಾಗದೆ ಆಮೇಲೂ ಬಹಳ ವರ್ಷ ಮಳೆಗಾಲದಲ್ಲಿ ಹಡಗು ಕಟ್ಟಲಾಗುತ್ತಿರಲಿಲ್ಲ. ಇಲ್ಲಿಂದ ಹೊರಟ ಗೇಲ್‌ನ ಸುಮಾರು ಸಾವಿರ ಕಿಲೋಮೀಟರ್ ಕೊಳವೆ ಬೆಳಗಾವಿ, ಧಾರವಾಡಗಳನ್ನು ಹಾದು, ನಿಮ್ಮ ದಾವಣಗೆರೆ ಜಿಲ್ಲೆಯ ಹೊಲಗಳ ಕೆಳಗಿಂದಲೇ ಬೆಂಗಳೂರಿಗೆ ಹೋಗುತ್ತದೆ.

ಹಡಗು ಬಂದ ದಿನ ಕಟ್ಟೆಯ ಮೇಲೆ ನಿಂತರೆ, ಮೂರು ನಾಲ್ಕು ಉಕ್ಕಿನ ತೋಳುಗಳನ್ನು ಹಡಗಿನ ಕೊಳವೆಬಾಯಿಗೆ ಜೋಡಿಸುವುದು ಕಾಣುತ್ತದೆ. ಮೊದಲು ನೈಟ್ರೋಜನ್ ಹಾಯಿಸಿ ಗಾಳಿ ಹೊರಡಿಸುತ್ತಾರೆ, ಆಮೇಲೆ ದ್ರವವನ್ನು ತೊಟ್ಟುತೊಟ್ಟಾಗಿ ಬಿಟ್ಟು ಕೊಳವೆಯನ್ನು ತಣಿಸುತ್ತಾರೆ. ಕೊಂಕಣದ ಆ ಸೆಖೆಯಲ್ಲಿ, ಬೆವರು ಒರೆಸಿಕೊಳ್ಳುತ್ತಿರುವ ಜನರ ಎದುರಿಗೇ, ತೋಳುಗಳ ಮೇಲೆ ಬಿಳಿಯ ಹಿಮ ಬೆರಳುಗಾತ್ರ ಕಟ್ಟುತ್ತದೆ. ಇಳಿಸಲು ಸುಮಾರು ಒಂದು ದಿನ. ಶುರುವಿಗೂ ಕೊನೆಗೂ ಟ್ಯಾಂಕಿನ ಮಟ್ಟ, ಉಷ್ಣ, ಒತ್ತಡ ಅಳೆದು, ಅನಿಲದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಕ್ರೊಮಟೋಗ್ರಾಫಿನಿಂದ ಮೀಥೇನ್ ಎಷ್ಟು, ಈಥೇನ್ ಎಷ್ಟು ಎಂದು ತೆಗೆದು, ಶಾಖದ ಮೊತ್ತಕ್ಕೆ ಎರಡೂ ಕಡೆಯವರು ಸಹಿ ಹಾಕುತ್ತಾರೆ. ಮುಂಬಯಿಯಲ್ಲಿ ನಿಮ್ಮ ಮೇಜಿಗೆ ಬರುವ ಬಿಲ್ಲು ಆ ಹಾಳೆಯ ಮೇಲೆ ನಿಂತಿರುತ್ತದೆ. ಅದನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಬಿಲ್ಲಿನ ತಪ್ಪು ಬೇಗ ಹೊಳೆಯುತ್ತದೆ.

ದಿನಚರಿಯ ಬಗ್ಗೆ: ಸಿಂಗಪುರದ ಮಾರುಕಟ್ಟೆಯ ಅಂದಿನ ದರ ನಮ್ಮ ಮಧ್ಯಾಹ್ನ ಎರಡಕ್ಕೆ ನಿಲ್ಲುತ್ತದೆ. ಯೂರೋಪಿನ ಅನಿಲ ದರಸೂಚಿಯಾದ ಟಿಟಿಎಫ್ ನಮ್ಮ ರಾತ್ರಿಯವರೆಗೂ ಕುಣಿಯುತ್ತದೆ. ಅಮೆರಿಕದ ಹೆನ್ರಿ ಹಬ್ ದರ ಬೇಸಗೆಯಲ್ಲಿ ನಮ್ಮ ನಡುರಾತ್ರಿ ಹನ್ನೆರಡಕ್ಕೆ ಇತ್ಯರ್ಥವಾಗುತ್ತದೆ. ಖರೀದಿಯ ಟೆಂಡರ್ ಇರುವ ವಾರ ಮೂರನ್ನೂ ನೋಡಬೇಕು. ಹೀಗಿರುವಾಗ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಚೇರಿಗೆ ದೂರದ ಬದ್ಲಾಪುರದಲ್ಲಿ ಅಗ್ಗದ ಮನೆ ಹಿಡಿದರೆ ಉಳಿಸಿದ ಬಾಡಿಗೆಯನ್ನು ಆಯಸ್ಸಿನಲ್ಲಿ ತೆರುತ್ತೀರಿ. ಮೊದಲ ವರ್ಷ ಚೆಂಬೂರು, ಸಾಯನ್ ಅಥವಾ ಮಾಟುಂಗಾ ಕಡೆ ಇಬ್ಬರು ಮೂವರು ಸೇರಿ ಕೋಣೆ ಮಾಡಿ, ಕಡೆಯ ಲೋಕಲ್ ತಪ್ಪಿದರೂ ರಿಕ್ಷಾ ಅಥವಾ ಟ್ಯಾಕ್ಸಿಯಲ್ಲಿ ಮನೆ ಸೇರಬಹುದು. ಇಲ್ಲಿನ ಬಾಡಿಗೆ ಪತ್ರವಾದ ಹನ್ನೊಂದು ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರನ್ನು ನೋಂದಾಯಿಸದೆ ಡಿಪಾಸಿಟ್ ಕೊಡಬೇಡಿ. ಬ್ರೋಕರ್ ಎಷ್ಟೇ ಅವಸರ ಮಾಡಲಿ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಮಾಹೀಮಿನಲ್ಲಿ ಕರ್ನಾಟಕ ಸಂಘವಿದೆ, ಊಟಕ್ಕೆ ಉಡುಪಿಯವರ ಹೋಟೆಲುಗಳಿವೆ, ಕನ್ನಡಕ್ಕೆ ಬರಗಾಲವಿಲ್ಲ. ಮರಾಠಿಯನ್ನು ಮಾತ್ರ ಕಲಿಯಿರಿ, ದಾಭೋಳದ ಕಟ್ಟೆಯ ಮೇಲೆ ಇಂಗ್ಲಿಷಿಗಿಂತ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ದೋಹಾದ ಆಸೆ ಬಿಡಬೇಕೆಂದು ನಾನು ಹೇಳುವುದಿಲ್ಲ. ಈಗಲೇ ಹೋದರೆ ಘಟಕದ ಒಂದು ಮೂಲೆಯ ಪಾಳಿ ಕೆಲಸ ಸಿಗುತ್ತದೆ; ಕೈತುಂಬ ಸಂಬಳ, ಆದರೆ ವೀಸಾ ಇರುವಷ್ಟು ದಿನದ ಬದುಕು. ಇಲ್ಲಿ ನಾಲ್ಕೈದು ವರ್ಷ ಒಪ್ಪಂದ, ಹಡಗು, ಅಳತೆ ಈ ಮೂರನ್ನೂ ಕಲಿತು ಹೋದರೆ ಮಾತುಕತೆಯ ಮೇಜಿಗೆ ಕರೆಯುತ್ತಾರೆ. ನೇಮಕಪತ್ರಕ್ಕೆ ಸಹಿ ಹಾಕುವ ಮುನ್ನ ಎರಡು ವಿಷಯ ಬರವಣಿಗೆಯಲ್ಲೇ ಕೇಳಿ: ಸಂಬಳದ ಎಷ್ಟು ಭಾಗ ವರ್ಷದ ವ್ಯಾಪಾರದ ಲಾಭಕ್ಕೆ ಕಟ್ಟಿದ್ದು, ಮತ್ತು ಮೊದಲ ಎರಡು ವರ್ಷದಲ್ಲಿ ಟರ್ಮಿನಲಿಗೆ ಕಳಿಸುವುದುಂಟೇ ಇಲ್ಲವೇ. ಉತ್ತರ ಬಂದ ಮೇಲೆ ಆ ಪತ್ರದ ಪ್ರತಿಯೊಂದನ್ನು ನನಗೆ ಕಳುಹಿಸಿ, ಸಹಿಯ ಮೊದಲು ಒಮ್ಮೆ ಓದಿ ಹೇಳುತ್ತೇನೆ.